ಅಕ್ಕನ ಗಾಡಿ ನಿಂತ ಮನೆಗಳು

ಅಕ್ಕ ನನ್ನಿಂದ ಏನನ್ನೂ ಕೇಳಿ ಪಡೆದವಳಲ್ಲ. ಕೊಡುವುದು ಆಕೆಯ ಕೆಲಸ, ತೆಗೆದುಕೊಂಡು ಗೊಣಗುವುದು ನನ್ನ ಕೆಲಸ ಎಂದು ಸಣ್ಣವರಿದ್ದಾಗಲೇ ಹಂಚಿಕೊಂಡ ಹಾಗಿತ್ತು. ಹೀಗಾಗಿ ಮೂರನೇ ಕೀಮೋ ಮುಗಿದ ವಾರ ಆಕೆ ಫೋನನ್ನು ನನ್ನ ಮುಖದ ಮುಂದೆ ಹಿಡಿದು, "ಇಂಥಾ ಗಾಡಿ ನಮ್ಮ ಬಳ್ಳಾರ್ಯಾಗ ಬಾಡಿಗಿಗೆ ಸಿಗ್ತಾವೇನು ನೋಡು" ಅಂದಾಗ ನನಗೆ ಮೊದಲು ಅರ್ಥವೇ ಆಗಲಿಲ್ಲ. ವಿಡಿಯೊದಲ್ಲಿ ಯಾರೋ ಗಂಡ ಹೆಂಡತಿ ವ್ಯಾನಿನ ಹಿಂದಿನ ಬಾಗಿಲು ತೆರೆದಿಟ್ಟು, ಒಳಗಿನ ಹಾಸಿಗೆಯ ಮೇಲೆ ಕಾಲು ಚಾಚಿ ಕೂತು, ಎದುರಿನ ಕೆರೆ ನೋಡುತ್ತ ಚಹಾ ಕುಡಿಯುತ್ತಿದ್ದರು. ಒಲೆಯೂ ವ್ಯಾನಿನೊಳಗೇ, ನೀರೂ ವ್ಯಾನಿನೊಳಗೇ. ನಾನು ಮಕ್ಕಳ ಉತ್ತರಪತ್ರಿಕೆ ತಿದ್ದುತ್ತಿದ್ದೆ. "ಮೊದ್ಲು ಆರಾಮಾಗು, ಆಮ್ಯಾಲೆ ನೋಡಾಣು" ಅಂದೆ.

"ಆರಾಮಾದ್ರ ಮತ್ತ ಮಿಷನ್ ಮುಂದ ಕೂಡಬೇಕು. ಹೋದ್ರ ಈಗ ಹೋಗಬೇಕು" ಅಂದಳು.

ಮನೆಯಲ್ಲಿ ನಾವಿಬ್ಬರೇ. ಸತ್ಯನಾರಾಯಣಪೇಟೆಯ ಹಳೆಯ ಕಟ್ಟಡವೊಂದರ ಮಹಡಿಯಲ್ಲಿ ಬಾಡಿಗೆಗೆ ಇದ್ದೆವು. ಅಕ್ಕ ನನಗಿಂತ ಆರು ವರ್ಷ ದೊಡ್ಡವಳು. ಮದುವೆಯಾದ ಎರಡನೇ ವರ್ಷ, ಗಂಡ ಇನ್ನೊಂದು ಸಂಸಾರ ಇಟ್ಟಿದ್ದಾನೆಂದು ಗೊತ್ತಾದ ದಿನವೇ ಟ್ರಂಕು ಹಿಡಿದು ವಾಪಸು ಬಂದವಳು. ಬಂದು ಜೀನ್ಸ್ ಹೊಲಿಯುವ ಕಾರ್ಖಾನೆಯೊಂದಕ್ಕೆ ಸೇರಿದಳು. ಆಕೆಯ ಪಾಲಿಗೆ ಬಂದದ್ದು ಪ್ಯಾಂಟಿನ ಹಿಂದಿನ ಜೇಬು. ಇಪ್ಪತ್ತೈದು ವರ್ಷಕ್ಕೂ ಹೆಚ್ಚು ಕಾಲ ಗೋಡೆಗೆ ಮುಖ ಮಾಡಿ ಕೂತು ಜೇಬು ಹೊಲಿದಳು. ಬೆರಳ ತುದಿಯ ನೀಲಿ ಯಾವ ಸೋಪಿಗೂ ಹೋಗುತ್ತಿರಲಿಲ್ಲ. ಅದೇ ದುಡಿಮೆಯಲ್ಲಿ ನನ್ನನ್ನು ಬಿ.ಎಡ್. ಓದಿಸಿದಳು. ನಾನು ಹೈಸ್ಕೂಲ್ ಟೀಚರ್ ಆದೆ. ಮದುವೆ ಆಗಲಿಲ್ಲ, ಆ ಕಥೆ ಇಲ್ಲಿ ಬೇಡ. ಒಮ್ಮೆ ಟಿವಿಯಲ್ಲಿ ಯಾರೋ ಬೆಟ್ಟ ಹತ್ತುವುದನ್ನು ನೋಡಿ ಅಕ್ಕ, "ನಾ ಹೊಲಿದ ಪ್ಯಾಂಟ್ ಹಾಕ್ಕೊಂಡು ಎಷ್ಟ್ ಮಂದಿ ಎಲ್ಲೆಲ್ಲಿ ತಿರಗ್ಯಾಡ್ಯಾರೋ ಏನೋ" ಅಂತ ನಕ್ಕಿದ್ದಳು. ಆಕೆ ಕಂಡ ಊರುಗಳೆಂದರೆ ಮದುವೆ, ತೊಟ್ಟಿಲು, ಸಾವಿಗೆ ಹೋದ ಊರುಗಳು. ಅಲ್ಲೂ ಕಂಡದ್ದು ಅಡುಗೆಮನೆ.

ಕಾಯಿಲೆ ಬಂದ ಮೇಲೆ ನೋಡಲು ಬರುವವರ ಸಾಲು ಹತ್ತಿತು. ಬ್ರೆಡ್ಡು, ಸೇಬು, ಎಳನೀರು. ಬಂದವರು ಮಂಚದ ಅಂಚಿಗೆ ಕೂತು, "ಹೆಂಗಿದ್ದಾಕಿ ಹೆಂಗಾದೆವ್ವಾ" ಅಂತ ಶುರು ಮಾಡಿ, ತಮ್ಮ ಬಳಗದಲ್ಲಿ ಇದೇ ರೋಗದಿಂದ ಸತ್ತವರ ಕಥೆ ಹೇಳಿ ಮುಗಿಸುತ್ತಿದ್ದರು. ಒಬ್ಬಾಕೆಯಂತೂ ಕೂದಲು ನಿಜವಾಗಿಯೂ ಉದುರಿದೆಯೋ ಇಲ್ಲವೋ ನೋಡಲು ಅಕ್ಕನ ತಲೆಯ ಮೇಲಿನ ಬಟ್ಟೆಯನ್ನೇ ಸರಿಸಿದಳು. ಅಕ್ಕ ಕಣ್ಣು ಮುಚ್ಚಿಕೊಂಡಿದ್ದಳು. ನಾನು ಆ ಹೆಂಗಸಿಗೆ ಚಹಾ ಮಾಡಿ ಕೊಟ್ಟೆ. ಅದನ್ನು ನೆನೆದರೆ ಈಗಲೂ ನನ್ನ ಕೆನ್ನೆಗೆ ನಾನೇ ಹೊಡೆದುಕೊಳ್ಳಬೇಕೆನಿಸುತ್ತದೆ.

ಗಾಡಿಯ ಮಾತು ಬಂದದ್ದು ಆ ಹೆಂಗಸು ಎದ್ದು ಹೋದ ಮೇಲೆಯೇ. "ನೋಡು, ನನಗ ಬ್ಯಾರೆ ಏನೂ ಬ್ಯಾಡ" ಅಂದಳು ಅಕ್ಕ. "ಎರಡು ದಿನ ನನ್ನ ಯಾರೂ ನೋಡಬಾರದು. ನಾ ನೋಡಬೇಕು. ಸಂಜಿ ಹೊತ್ತು ಕುರುಗೋಡು ಗುಡ್ಡ, ಮುಂಜಾನೆ ಸಿರುಗುಪ್ಪದಾಗ ಹೊಳಿ. ಹೊಳಿ ದಂಡಿಗೆ ಒಂದು ರಾತ್ರಿ ಮಲಗಿ, ಎದ್ದು ಕೊಕ್ಕರಿ ನೋಡಿ ಬರಾಣು. ಅಷ್ಟ."

ಡಾಕ್ಟರನ್ನು ಕೇಳಿದೆ. ದೂರ ಬೇಡ, ಎರಡು ದಿನವಾದರೆ ಅಡ್ಡಿಯಿಲ್ಲ ಅಂದರು. ಜ್ವರ ಬಂದರೆ ಮಾತ್ರ ಒಂದು ತಾಸೂ ಕಾಯದೆ ಕರೆತರಬೇಕೆಂದು ಎರಡು ಸಲ ಹೇಳಿದರು.

ಗಾಡಿ ಸಿಕ್ಕಿತು. ಕೌಲ್ ಬಜಾರಿನ ಒಬ್ಬರು, ಹಿಂದೆ ಟೆಂಪೋದಲ್ಲಿ ಮಂದಿಯನ್ನು ಮಂತ್ರಾಲಯ ಶ್ರೀಶೈಲಕ್ಕೆ ಒಯ್ಯುತ್ತಿದ್ದವರು, ಹಳೆಯ ವ್ಯಾನಿನ ಸೀಟು ಕಿತ್ತುಹಾಕಿ ಎರಡು ಹಾಸಿಗೆ, ಗ್ಯಾಸಿನ ಒಲೆ, ಬಟ್ಟಲು ತೊಳೆಯುವ ಸಣ್ಣ ಸಿಂಕು, ಬೀರುವಿನಷ್ಟು ಅಗಲದ ಬಚ್ಚಲು ಕೂಡಿಸಿದ್ದರು. ಬಾಡಿಗೆಗೆ ಕೊಡುವವರೂ ಅವರೇ, ಓಡಿಸುವವರೂ ಅವರೇ. ರಾತ್ರಿ ತಾವು ಹೊರಗೆ ಮಡಚುವ ಮಂಚ ಹಾಕಿಕೊಂಡು ಮಲಗುತ್ತೇನೆಂದರು. ಐವತ್ತು ದಾಟಿದ, ಮಾತು ಮೆತ್ತಗಿನ ಮನುಷ್ಯ. ಅಕ್ಕ ಹಾಸಿಗೆಯ ಮೇಲೆ ಕೂತು, ಎದ್ದು, ಮತ್ತೆ ಕೂತು, ಕಿಟಕಿಯ ಪರದೆ ಎಳೆದು ಬಿಟ್ಟು ನೋಡಿದಳು. ಪರದೆಯ ಅಂಚಿನ ಹೊಲಿಗೆ ಸೊಟ್ಟಗಿದೆ ಅಂದಳು. "ನೀವ ಸರಿ ಮಾಡಿಕೊಡ್ರಿ ಅಕ್ಕಾರ" ಅಂತ ಅವರು ನಕ್ಕರು. ಹೊರಡುವ ಮೊದಲಿನ ಎರಡು ದಿನ ಅಕ್ಕ ಕೂತು ಆ ಪರದೆಗಳನ್ನೆಲ್ಲ ಮತ್ತೆ ಹೊಲಿದಳು. ಆ ಎರಡು ದಿನ ಆಕೆಗೆ ವಾಂತಿಯಾಗಲಿಲ್ಲ. ಅದು ಔಷಧದಿಂದಲೋ ಪರದೆಯಿಂದಲೋ ನನಗೆ ಗೊತ್ತಿಲ್ಲ.

ಇನ್ನು ನನ್ನ ತಪ್ಪಿಗೆ ಬರುತ್ತೇನೆ. ಅದಕ್ಕೂ ಮೊದಲು ನಮ್ಮ ಕಡೆಯ ಒಂದು ಕಟ್ಟಳೆ ಹೇಳಬೇಕು. ಬಳಗದವರ ಊರು ಹಾಯ್ದು ಹೋಗುವವರು ಅವರ ಮನೆ ತುಳಿಯದೆ ಹೋಗಬಾರದು. ಹೋದರೆ ಅದು ಮೈಲಿಗೆಗಿಂತ ದೊಡ್ಡದು. ಮುಂದಿನ ಮದುವೆಯಲ್ಲಿ, ಅದರ ಮುಂದಿನ ಸಾವಿನಲ್ಲಿ, "ನಮ್ಮೂರ ಮುಂದ ಹಾದು ಹೋದ್ರೂ ನಮ್ಮನಿ ನೆನಪಾಗಲಿಲ್ಲ" ಅಂತ ನಾಲ್ಕು ಜನರ ಮುಂದೆ ಬರುತ್ತದೆ. ಕುರುಗೋಡಿನಲ್ಲಿ ನಮ್ಮ ಅವ್ವನ ತಂಗಿ, ಸಣ್ಣಮ್ಮ. ಬಾದನಹಟ್ಟಿಯಲ್ಲಿ ಸೋದರಮಾವ. ಸಿರುಗುಪ್ಪದಲ್ಲಿ ದೊಡ್ಡಪ್ಪನ ಮಗ, ಅಂದರೆ ಅಣ್ಣ. ಅಕ್ಕ ನೋಡಬೇಕೆಂದ ದಾರಿಯಲ್ಲೇ ಮೂರೂ ಮನೆ.

ಈ ಬಳಗವೇನೂ ನಮ್ಮನ್ನು ತಲೆ ಮೇಲೆ ಹೊತ್ತು ಮೆರೆಸಿರಲಿಲ್ಲ. ಅಕ್ಕ ಗಂಡನನ್ನು ಬಿಟ್ಟು ಬಂದ ವರ್ಷ ಕುರುಗೋಡಿನಲ್ಲೇ ಸಣ್ಣಮ್ಮನ ಮಗಳ ಮದುವೆ. ಬಂದ ಹೆಣ್ಣುಮಕ್ಕಳಿಗೆಲ್ಲ ಸಾಲಾಗಿ ಉಡಿ ತುಂಬಿದರು. ಸೆರಗಿಗೆ ಅಕ್ಕಿ, ಕೊಬ್ಬರಿ, ಅರಿಶಿನದ ಕೊಂಬು, ಕುಪ್ಪಸದ ಕಣ. ಅಕ್ಕನ ಹತ್ತಿರ ಬಂದಾಗ ತಟ್ಟೆ ಆಕೆಯನ್ನು ದಾಟಿ ಮುಂದಿನವಳ ಹತ್ತಿರ ಹೋಯಿತು. ಸೆರಗು ಹಿಡಿದಿದ್ದ ಅಕ್ಕ ಅದನ್ನು ಹಾಗೇ ಸೊಂಟಕ್ಕೆ ಸಿಕ್ಕಿಸಿಕೊಂಡಳು. ಅಂದಿನಿಂದ ಆಕೆ ಬಳಗದ ಕಾರ್ಯಗಳಿಗೆ ಹೋಗುವುದು ಕಡಿಮೆ ಮಾಡಿದಳು. ನಾನು ಹೆಚ್ಚು ಮಾಡಿದೆ. ಯಾವ ಕಾರ್ಯಕ್ಕೂ ತಪ್ಪಿಸಲಿಲ್ಲ, ಸ್ಟೀಲಿನ ಪಾತ್ರೆ ಹಿಡಿದು ಹೋಗಿ ಎಲ್ಲರ ಕಾಲಿಗೆ ನಮಸ್ಕಾರ ಮಾಡಿ ಬರುತ್ತಿದ್ದೆ. ಇಬ್ಬರೇ ಹೆಂಗಸರು, ನಾಳೆ ಏನಾದರೂ ಆದರೆ ಹೊರಲು ನಾಲ್ಕು ಹೆಗಲು ಬೇಕಲ್ಲ ಎಂಬ ಭಯ ನನಗೆ. ಶಾಲೆಯಲ್ಲಿ ನನ್ನ ಬಾಯಿಗೆ ಹೆಡ್‌ಮಾಸ್ತರರೂ ಹೆದರುತ್ತಾರೆ. ಬಳಗದವರ ಫೋನ್ ಬಂದರೆ ಮಾತ್ರ ಅದೇ ಬಾಯಿಂದ "ಹ್ಞೂಂ ಸಣ್ಣಮ್ಮ, ಆತು ಸಣ್ಣಮ್ಮ" ಬಿಟ್ಟು ಬೇರೇನೂ ಬರುವುದಿಲ್ಲ. ಮನೆಗೆ ಮಾರಿ, ಊರಿಗೆ ಉಪಕಾರಿ ಅನ್ನುವುದು ನನ್ನಂಥವರನ್ನು ನೋಡಿಯೇ.

ಹೊರಡುವ ಹಿಂದಿನ ದಿನ ಮಧ್ಯಾಹ್ನ, ಅಕ್ಕ ಮಲಗಿದ್ದಾಗ, ನಾನು ಸಣ್ಣಮ್ಮನಿಗೆ ಫೋನ್ ಮಾಡಿದೆ. ಕುರುಗೋಡು ದೊಡ್ಡ ಊರೇನಲ್ಲ, ಯಾರಾದರೂ ನೋಡಿಯೇ ನೋಡುತ್ತಾರೆ, ಆಮೇಲೆ ಮಾತು ಕೇಳುವುದಕ್ಕಿಂತ ಮೊದಲೇ ಹೇಳಿಬಿಡುವುದು ಲೇಸು ಅಂದುಕೊಂಡೆ. "ಹಿಂಗ ನಾಳೆ ಆ ಕಡಿ ಬರಾಕತ್ತೀವಿ ಸಣ್ಣಮ್ಮ. ಹತ್ತು ನಿಮಿಷ ಬಂದು ನೀರು ಕುಡುದು ಹೋಗ್ತೀವಿ. ಏನೂ ಮಾಡಬ್ಯಾಡ್ರಿ" ಅಂದೆ. ಅಕ್ಕನಿಗೆ ಹೇಳಲಿಲ್ಲ. ದಾರಿಯಲ್ಲಿ ಹೇಳಿದರಾಯಿತು ಅಂದುಕೊಂಡೆ.

ಚಳಿಗಾಲ. ಬೆಳಿಗ್ಗೆ ಗಾಡಿ ಬಂದು ಮನೆ ಮುಂದೆ ನಿಂತಾಗ ಎದುರು ಮನೆಯಾಕೆ ಓಡಿ ಬಂದು, "ಆಂಬುಲೆನ್ಸ್ ಯಾಕವ್ವಾ, ಏನಾತು?" ಅಂದಳು. ಎಲ್ಲರಿಗಿಂತ ಜೋರಾಗಿ ನಕ್ಕವಳು ಅಕ್ಕನೇ. ಗಾಡಿಯವರು ಗಾಲಿಯ ಕೆಳಗೆ ನಿಂಬೆಹಣ್ಣು ಇಟ್ಟು, ಬಿಸ್ಮಿಲ್ಲಾ ಅಂತ ಅಂದುಕೊಂಡು ಚಾಲೂ ಮಾಡಿದರು. ಅಕ್ಕ ಹಾಸಿಗೆಯಲ್ಲಿ ದಿಂಬಿಗೆ ಒರಗಿ, ತಾನೇ ಹೊಲಿದ ಪರದೆ ಪೂರ್ತಿ ಸರಿಸಿ, ಊರು ದಾಟುವವರೆಗೂ ಹೊರಗೆ ನೋಡುತ್ತಿದ್ದಳು.

ಅರ್ಧ ದಾರಿಯಲ್ಲಿ ಕಾಲುವೆಯ ಪಕ್ಕ ಬೇವಿನ ಮರವೊಂದರ ಕೆಳಗೆ ಗಾಡಿ ನಿಲ್ಲಿಸಿದೆವು. ಕಾಲುವೆ ತುಂಬಿ ಹರಿಯುತ್ತಿತ್ತು. ಆಚೆ ಭತ್ತ ಕೊಯ್ದ ಗದ್ದೆ, ಈಚೆ ಮೆಣಸಿನಕಾಯಿ ಹೊಲ ಕೆಂಪಗಾಗಿತ್ತು. ಗಾಡಿಯವರು ಹಿಂದಿನ ಬಾಗಿಲು ತೆರೆದು ಕೊಟ್ಟು ತಾವು ದೂರ ಹೋಗಿ ಕೂತರು. ನಾನು ಗ್ಯಾಸ್ ಹಚ್ಚಿ ಚಹಾಕ್ಕೆ ಇಟ್ಟೆ. ತಿರುಗಿ ನೋಡಿದರೆ ಅಕ್ಕ ತಲೆಯ ಬಟ್ಟೆ ತೆಗೆದು ಮಡಚಿ ಪಕ್ಕಕ್ಕಿಟ್ಟಿದ್ದಳು. ಆಸ್ಪತ್ರೆಯ ಹೊರಗೆ ಆಕೆ ಬರಿತಲೆಯಲ್ಲಿ ಕೂತದ್ದು ಅದೇ ಮೊದಲು. "ಗಾಳಿ ತಲಿಗೆ ಬಡದ್ರ ಎಷ್ಟು ತಂಪಾಗ್ತೈತಿ ಗೊತ್ತೇನು? ನೀನೂ ಬೋಳಿಸ್ಕೋ" ಅಂದಳು. ಮಿಂಚುಳ್ಳಿಯೊಂದು ತಂತಿಯ ಮೇಲಿಂದ ನೀರಿಗೆ ಬಿದ್ದು, ಮೀನು ಹಿಡಿದು, ಮತ್ತೆ ಅದೇ ತಂತಿಗೆ ಬಂದು ಕೂತಿತು. ಅಕ್ಕ ಸಣ್ಣ ಹುಡುಗಿಯ ಹಾಗೆ ನನ್ನ ತೋಳು ಹಿಡಿದು ಅಲುಗಿಸಿದಳು. ಆಮೇಲೆ ಕಾಲು ಜೋತುಬಿಟ್ಟು ಕೂತು ಎರಡು ಬಟ್ಟಲು ಚಹಾ ಕುಡಿದಳು. ಒಂದು ಅರ್ಧ ತಾಸು ಇರಬಹುದು. ಆಕೆ ಕೇಳಿದ ಎರಡು ದಿನದಲ್ಲಿ ಆಕೆಗೆ ಸಿಕ್ಕಿದ್ದು ಅಷ್ಟೇ.

ನನ್ನ ಫೋನ್ ಹೊಡೆದುಕೊಂಡಿತು. ಸಣ್ಣಮ್ಮನ ದನಿ ದೊಡ್ಡದು, ಕಿವಿಗೆ ಹಿಡಿದರೂ ಹೊರಗೆ ಕೇಳುತ್ತದೆ. "ಎಲ್ಲಿದ್ದೀರಿ ಇನ್ನಾ? ಇಲ್ಲಿ ಎಲ್ಲಾರೂ ಕಾಯಾಕತ್ತಾರ. ರೊಟ್ಟಿ ಬಡಿದಿಟ್ಟೀನಿ, ಎಣ್ಣಿಗಾಯಿ ಮಾಡೀನಿ. ಲಗೂನ ಬರ್ರಿ."

ಅಕ್ಕ ನನ್ನ ಮುಖ ನೋಡಿದಳು. "ಅವ್ರಿಗೆ ಹೇಳೀಯೇನು ನೀನು?"

"ಹತ್ತು ನಿಮಿಷ ಅಕ್ಕಾ. ನೀರು ಕುಡುದು ಬರಾಣು. ನಾಳೆ ಮಾತು ಬರತಾವ" ಅಂದೆ.

ಬೈಯಬಹುದಿತ್ತು. ನಾನಾಗಿದ್ದರೆ ಆ ಬಟ್ಟಲನ್ನು ಕಾಲುವೆಗೆ ಎಸೆದು ಕೂಗಾಡುತ್ತಿದ್ದೆ. ಅಕ್ಕ ಮಡಚಿಟ್ಟ ಬಟ್ಟೆ ತೆಗೆದು ಮತ್ತೆ ತಲೆಗೆ ಕಟ್ಟಿಕೊಂಡಳು. ಕಟ್ಟಿಕೊಳ್ಳುವಾಗ ಒಂದು ಸಲ ಗಂಟು ತಪ್ಪಿತು, ಎರಡನೇ ಸಲ ಸರಿಯಾಯಿತು. "ನಡಿ" ಅಂದಳು.

ಕುರುಗೋಡಿನ ಮನೆಯಲ್ಲಿ ಇಡೀ ಓಣಿ ಸೇರಿತ್ತು. ಅಕ್ಕ ಗಾಡಿಯಿಂದ ಇಳಿಯುತ್ತಲೇ ಸಣ್ಣಮ್ಮ ಆಕೆಯನ್ನು ಅಪ್ಪಿಕೊಂಡು ಗಟ್ಟಿಯಾಗಿ ಅತ್ತಳು. ಆಕೆ ಅತ್ತದ್ದು ನೋಡಿ ಉಳಿದವರೂ ಅತ್ತರು. ಅಕ್ಕನನ್ನು ಪಡಸಾಲೆಯ ನಡುವೆ ಕುರ್ಚಿ ಹಾಕಿ ಕೂಡಿಸಿದರು. ಒಬ್ಬರು ಬೇರಿನ ಔಷಧ ಹೇಳಿದರು, ಇನ್ನೊಬ್ಬರು ಹರಕೆ ಹೇಳಿದರು, ಇನ್ನೊಬ್ಬಾಕೆ ಆಕೆಯ ಕೈಯ ಸೂಜಿ ಚುಚ್ಚಿದ ಕಪ್ಪು ಕಲೆಗಳನ್ನು ಒತ್ತಿ ಒತ್ತಿ ನೋಡಿದಳು. ಹೊರಗೆ ಹೆಂಗಸರು, ಮಕ್ಕಳು ಗಾಡಿ ಹತ್ತಿ ಇಳಿದು ಮಾಡುತ್ತಿದ್ದರು. ಒಲೆ ಹಚ್ಚಿ ಆರಿಸಿದರು, ಹಾಸಿಗೆಯ ಮೇಲೆ ಕುಣಿದರು. ಹತ್ತು ನಿಮಿಷ ಊಟವಾಯಿತು, ಊಟ ಚಹಾ ಆಯಿತು. ನಾನು ಎದ್ದಾಗಲೆಲ್ಲ ಸಣ್ಣಮ್ಮ, "ಏನವಸರ? ಗುಡ್ಡ ಎಲ್ಲಿ ಓಡಿ ಹೋಗ್ತೈತಿ?" ಅನ್ನುತ್ತಿದ್ದಳು. ನಾನು ಮತ್ತೆ ಕೂಡುತ್ತಿದ್ದೆ. ಹಿತ್ತಲ ಬಾಗಿಲಿನಿಂದ ಗುಡ್ಡದ ಬಂಡೆಗಳ ತುದಿ ಮಾತ್ರ ಕಾಣುತ್ತಿತ್ತು. ಅಕ್ಕ ಕೈ ತೊಳೆಯುವ ನೆಪದಲ್ಲಿ ಎರಡು ಸಲ ಅಲ್ಲಿಗೆ ಹೋಗಿ ನಿಂತಳು. ಎರಡು ಸಲವೂ ಯಾರೋ ಕೈ ಹಿಡಿದು, ಬಿದ್ದೀಯಾ ಅಂತ ಒಳಗೆ ಕರೆತಂದರು.

ಹೊತ್ತು ಮುಳುಗುವ ಸಮಯಕ್ಕೆ ಹೊರಟೇಬಿಡೋಣವೆಂದು ಚಪ್ಪಲಿ ಮೆಟ್ಟಿದೆ. ಸಣ್ಣಮ್ಮ ಅಡ್ಡ ನಿಂತಳು. "ಮನಿ ಇಟ್ಕೊಂಡು ನಿಮ್ಮನ್ನ ಗಾಡ್ಯಾಗ ಮಲಗಿಸಿದ್ವಿ ಅಂದ್ರ ಊರು ನಮ್ಮ ಮಕಕ್ಕ ಉಗೀತೈತಿ. ಹೊಳಿ ದಂಡಿಗೆ ಹೆಣಮಕ್ಕಳು ಮಲಗೋದಂದ್ರೇನು? ಮುಂಜಾನೆ ಹೋಗ್ರಿ."

ಅಕ್ಕ ನನ್ನ ಕಡೆ ನೋಡಿದಳು. ಆಕೆ ತಾನೇ ಹೇಳಬಹುದಿತ್ತು ಅಂತ ಆಮೇಲೆ ಎಷ್ಟೋ ಸಲ ನನಗೆ ನಾನೇ ಸಮಾಧಾನ ಹೇಳಿಕೊಂಡಿದ್ದೇನೆ. ಅದು ಸುಳ್ಳು ಸಮಾಧಾನ. ಈ ಮನೆಗಳೊಂದಿಗೆ ಮಾತಾಡುವುದನ್ನು ಆಕೆ ಬಹಳ ವರ್ಷಗಳ ಹಿಂದೆಯೇ ನನಗೆ ಬಿಟ್ಟುಕೊಟ್ಟಿದ್ದಳು. ಮಾತು ನನ್ನದು, ನಾನು "ಆತು ಸಣ್ಣಮ್ಮ" ಅಂದೆ. ಆ ರಾತ್ರಿ ನಾವು ಪಡಸಾಲೆಯಲ್ಲಿ ಮಲಗಿದೆವು. ಗಾಡಿ ಓಣಿಯಲ್ಲಿ ಖಾಲಿ ನಿಂತಿತ್ತು.

ಮುಂಜಾನೆ ಸೂರ್ಯ ಹುಟ್ಟುವ ಮೊದಲು ಹೊಳೆಯಲ್ಲಿರಬೇಕಾದವರು ಮಂಡಕ್ಕಿ ಒಗ್ಗರಣೆ ತಿಂದು, ಮಿರ್ಚಿ ತಿಂದು, ಬಿಸಿಲೇರಿದ ಮೇಲೆ ಎದ್ದೆವು. ಹೊರಡುವಾಗ ಸಣ್ಣಮ್ಮ ದೇವರ ಮುಂದಿನಿಂದ ತಟ್ಟೆ ತಂದಳು. ಅಕ್ಕನನ್ನು ಮಣೆಯ ಮೇಲೆ ಕೂಡಿಸಿ, ಹಣೆಗೆ ಕುಂಕುಮ ಹಚ್ಚಿ, ಸೆರಗು ಹಿಡಿಯಲು ಹೇಳಿದಳು. ಅಕ್ಕಿ, ಕೊಬ್ಬರಿ, ಅರಿಶಿನದ ಕೊಂಬು, ಹಸಿರು ಕುಪ್ಪಸದ ಕಣ. ಅಕ್ಕ ಎರಡೂ ಕೈಯಲ್ಲಿ ಸೆರಗು ಹಿಡಿದು, ಬೀಳುತ್ತಿದ್ದ ಅಕ್ಕಿಯನ್ನೇ ನೋಡುತ್ತಿದ್ದಳು. ಗಾಡಿಯೊಳಗೆ ಬಂದು ಕೂತ ಮೇಲೆ ಒಂದು ಮಾತು ಅಂದಳು. "ಬದುಕಾಕ ಬಂದಾಗ ತುಂಬಲಿಲ್ಲ. ಸಾಯಾಕ ಹೊಂಟೀನಂತ ಗೊತ್ತಾದ ಮ್ಯಾಲೆ ತುಂಬಿದ್ರು ನೋಡು." ಅಂದು ಸಣ್ಣಗೆ ನಕ್ಕಳು. ನನಗೆ ಅಳು ಬಂತು. ಅಳಲು ನನಗೇನು ಹಕ್ಕು ಎಂದು ಕಿಟಕಿಯ ಕಡೆ ತಿರುಗಿಕೊಂಡೆ.

ಕುರುಗೋಡಿಗೆ ಬಂದ ಸುದ್ದಿ ಬಾದನಹಟ್ಟಿಗೆ ಆಗಲೇ ಮುಟ್ಟಿತ್ತು. ಮಾವ ಫೋನಿನಲ್ಲಿ, "ನನ್ನ ತಂಗಿ ಮನ್ಯಾಗ ರಾತ್ರಿ ವಸ್ತಿ, ನನ್ನ ಮನ್ಯಾಗ ನೀರೂ ಇಲ್ಲೇನು?" ಅಂದರು. ಅಲ್ಲಿಗೂ ಹೋದೆವು. ಅಲ್ಲೂ ಕುರ್ಚಿ, ಅಲ್ಲೂ ಅಳು, ಅಲ್ಲೂ ಗಾಡಿಯ ಮೇಲೆ ಮಕ್ಕಳು. ಮಾವ ಸಿರುಗುಪ್ಪದ ಅಣ್ಣನಿಗೆ ತಾವೇ ಫೋನ್ ಹಚ್ಚಿ, "ಹೊಂಟಾರ, ಅಡಿಗಿ ಮಾಡಸು" ಅಂದರು. ಒಲ್ಲೆನೆನ್ನಲು ನನಗೆ ಹೊತ್ತೂ ಕೊಡಲಿಲ್ಲ ಅಂತ ಬರೆಯುವ ಆಸೆಯಾಗುತ್ತದೆ. ಕೊಟ್ಟಿದ್ದರೂ ಅನ್ನುತ್ತಿರಲಿಲ್ಲ.

ಸಿರುಗುಪ್ಪ ಹತ್ತಿರವಾದಾಗ ಗಾಡಿಯವರು ರಸ್ತೆ ಬದಿಗೆ ನಿಲ್ಲಿಸಿ ಇಳಿದು, ನನ್ನ ಕಡೆಯ ಬಾಗಿಲಿಗೆ ಬಂದರು. ದನಿ ತಗ್ಗಿಸಿ, "ಟೀಚರಮ್ಮ, ನಿಮ್ಮ ಮನಿ ವಿಷಯ, ನಾ ನಡುವ ಬರಬಾರದು. ಆದ್ರ ಅಕ್ಕಾರು ಎರಡು ದಿನ ಆತು, ಹೊಳಿ ಎಷ್ಟು ದೂರ ಅಂತ ನನ್ನ ಕೇಳಾಕತ್ತಾರ. ನೀವು ಹ್ಞೂಂ ಅನ್ರಿ, ನಾ ಸೀದಾ ಹೊಳಿಗೆ ಹೊಡೀತೀನಿ. ನಿಮ್ಮ ಅಣ್ಣಾರಿಗೆ ಗಾಡಿ ಪಂಚರ್ ಆಗಿ ವಾಪಸ್ ಹೋದ್ವಿ ಅಂತ ನಾನ ಫೋನ್ ಮಾಡ್ತೀನಿ. ಸುಳ್ಳಿನ ಪಾಪ ನನಗಿರ್ಲಿ" ಅಂದರು.

ಇಷ್ಟು ಸುಲಭವಾಗಿ ದಾರಿ ತೆರೆದು ಕೊಟ್ಟರು ಆ ಮನುಷ್ಯ. ನಾನು ಏನಂದೆ? "ಅತ್ತಿಗಿ ಅಡಿಗಿ ಮಾಡಿ ಕುಂತಿರ್ತಾರ ಅಣ್ಣಾ. ಹೊಸಾ ಅಕ್ಕಿ ಅನ್ನ ಮಾಡ್ಯಾರಂತ. ಉಂಡು ಅಲ್ಲಿಂದ ಹೋಗಿಬಿಡಾಣು, ಸಂಜಿ ಹೊಳಿ ಇನ್ನಾ ಚೆಂದ" ಅಂದೆ. ಹಿಂದೆ ಅಕ್ಕ ಕಿಟಕಿಯ ಪರದೆ ಎಳೆದುಕೊಂಡಳು. ಗಾಡಿಯವರು "ಆತ್ರಿ" ಅಂತ ಹೋಗಿ ಸ್ಟೇರಿಂಗ್ ಹಿಡಿದರು.

ಅಣ್ಣನ ಮನೆ ಮುಂದೆ ಗಾಡಿ ನಿಂತಾಗ ಅಕ್ಕ ಏಳಲಿಲ್ಲ. ಕೈ ಮುಟ್ಟಿ ನೋಡಿದೆ, ಬಿಸಿಯಾಗಿತ್ತು. ಬಿಸಿಲಿಗಿರಬೇಕು ಅಂದುಕೊಂಡೆ. ಹಣೆ ಮುಟ್ಟಿ ನೋಡಿದೆ. ಜ್ವರ. ಅತ್ತಿಗೆಗೆ ಹೇಳಿ ಹೊರಟುಬಿಡಬೇಕೆಂದು ನಾನು ಒಳಗೆ ಹೋಗಿ ಬರುವಷ್ಟರಲ್ಲಿ ಸುದ್ದಿ ಓಣಿಗೆಲ್ಲ ಹರಡಿತ್ತು. ಗಾಡಿಯ ಹಿಂದಿನ ಬಾಗಿಲು ತೆರೆದು ಜನ ಸಾಲಾಗಿ ನಿಂತಿದ್ದರು. ಒಬ್ಬೊಬ್ಬರೇ ಬಗ್ಗಿ ಒಳಗೆ ನೋಡಿ, ಬಾಯಿಗೆ ಸೆರಗು ಹಿಡಿದು ಆಚೆ ಸರಿಯುತ್ತಿದ್ದರು. ಕಾಣುವುದಿಲ್ಲವೆಂದು ಯಾರೋ ಕಿಟಕಿಯ ಪರದೆಗಳನ್ನೂ ಸರಿಸಿದ್ದರು. ಹಾಸಿಗೆಯ ಮೇಲೆ ಅಕ್ಕ ಮೊಣಕಾಲು ಮಡಚಿ, ಗೋಡೆಯ ಕಡೆ ತಿರುಗಿ ಮಲಗಿದ್ದಳು. ಯಾರೂ ನೋಡಬಾರದೆಂದು ಕೇಳಿದವಳನ್ನು ನಾನು ಊರೂರಿಗೆ ಒಯ್ದು ತೋರಿಸಿದ್ದೆ.

ಆಗ ನನಗೆ ಬಾಯಿ ಬಂತು. ಎಲ್ಲರನ್ನೂ ಸರಿಸಿ, ಬಾಗಿಲು ದಡಾರನೆ ಹಾಕಿ, ಗಾಡಿಯವರಿಗೆ "ಅಣ್ಣಾ, ಬಳ್ಳಾರಿಗೆ ಹೊಡೀರಿ" ಅಂದೆ. ಅವರು ಚಾಲೂ ಮಾಡಿ ಓಣಿಯ ತುದಿಯಲ್ಲಿ ಒಂದು ಕ್ಷಣ ನಿಧಾನ ಮಾಡಿದರು. "ಟೀಚರಮ್ಮ, ಹೊಳಿ ಇಲ್ಲಿಂದ ಎರಡ ಕಿಲೋಮೀಟರ್ರಿ. ಹೋಗಿ ಬರಾಕ ಹತ್ತು ನಿಮಿಷ. ಬಾಗಿಲು ತೆಗದು ತೋರ್ಸಿ ಹೋಗ್ಲೇನು?"

ನನ್ನ ಕೈ ಅಕ್ಕನ ಹಣೆಯ ಮೇಲಿತ್ತು. ಒಂದು ತಾಸೂ ಕಾಯಬಾರದೆಂದು ಡಾಕ್ಟರು ಎರಡು ಸಲ ಹೇಳಿದ್ದರು. "ಬ್ಯಾಡ" ಅಂದೆ. ಸರಿಯಾದದ್ದನ್ನೇ ಹೇಳಿದೆ. ಎರಡು ದಿನ ಎಲ್ಲರಿಗೂ ಹ್ಞೂಂ ಅಂದಿದ್ದ ಬಾಯಿ, ಬೇಡ ಅಂದದ್ದು ಹೊಳೆಗೆ ಮಾತ್ರ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಅಂತ ಜನ ವಿಧಿಯನ್ನು ಬೈಯುತ್ತಾರೆ. ಇಲ್ಲಿ ವಿಧಿಯದೇನೂ ಇಲ್ಲ, ಕೈ ತಟ್ಟಿ ಬೀಳಿಸಿದವಳು ನಾನೇ.

ಅಕ್ಕ ಕಣ್ಣು ತೆರೆಯದೆ, "ಇರ್ಲಿ ಬಿಡು. ಎಲ್ಲಾರ ಮನಿ ನೋಡಿದ್ವಿ. ಹೊಳಿ ಒಂದು ಉಳೀತು" ಅಂದಳು.

ಆಸ್ಪತ್ರೆಯಲ್ಲಿ ಎಂಟು ದಿನ ಇಟ್ಟುಕೊಂಡರು. ಜ್ವರ ಇಳಿಯಿತು. ಒಂದು ಮಧ್ಯಾಹ್ನ ಆಕೆಗೆ ಗಂಜಿ ಕುಡಿಸುತ್ತ, "ತಪ್ಪಾತು ಅಕ್ಕಾ" ಅಂದೆ. ಆಕೆ ಬಟ್ಟಲು ಸರಿಸಿ, "ನಿನಗ ಬೈಯಾಕ ನನ್ನ ಹತ್ರ ಶಕ್ತಿ ಇಲ್ಲ. ಆರಾಮಾದ್ರ ಬೈತೀನಿ" ಅಂದಳು. ಆಮೇಲೆ, "ಮುಂದಿನ ಸಲ ಯಾರಿಗೂ ಹೇಳಬ್ಯಾಡ" ಅಂದಳು. ಗಾಡಿಯವರಿಗೆ ಫೋನ್ ಮಾಡಿ ಐದನೇ ಕೀಮೋ ಆದ ಮೇಲಿನ ಒಂದು ವಾರ ಗೊತ್ತು ಮಾಡಿದೆ. ಈ ಸಲ ಬೆಳಿಗ್ಗೆ ಕತ್ತಲಿರುವಾಗಲೇ ಹೊರಟು ಸೀದಾ ಹೊಳೆಗೆ, ಫೋನ್ ಮನೆಯಲ್ಲೇ ಬಿಟ್ಟು. ಐದನೇ ಕೀಮೋ ಆಗಲಿಲ್ಲ. ನಾಲ್ಕನೆಯದಾದ ಹನ್ನೆರಡನೇ ದಿನ ಅಕ್ಕ ಹೋದಳು. ನನಗೆ ಬೈಯುವಷ್ಟು ಆರಾಮ ಆಕೆಗೆ ಆಗಲೇ ಇಲ್ಲ.

ಹೊರಲು ನಾಲ್ಕಲ್ಲ, ಹದಿನಾಲ್ಕು ಹೆಗಲು ಬಂದವು. ಇಡೀ ಬಳಗ ಬಂತು. ನಾನು ಇಷ್ಟು ವರ್ಷ ಪಾತ್ರೆ ಹಿಡಿದು ತಿರುಗಿದ್ದು ಇದಕ್ಕೇ ಆಗಿದ್ದರೆ, ಅದು ಚೆನ್ನಾಗಿಯೇ ಫಲಿಸಿತು. ಗಾಡಿಯವರೂ ಬಂದಿದ್ದರು. ಮೆಟ್ಟಿಲ ಕೆಳಗೆ ಒಂದು ಮೂಲೆಯಲ್ಲಿ ಟೋಪಿ ಕೈಯಲ್ಲಿ ಹಿಡಿದು ನಿಂತಿದ್ದರು. ನನ್ನನ್ನು ನೋಡಿ, "ನಾ ಆವತ್ತು ನಿಮ್ಮ ಮಾತು ಕೇಳಬಾರದಿತ್ತು ಟೀಚರಮ್ಮ" ಅಂದರು. ಅಕ್ಕ ಸತ್ತ ಮೇಲೆ ನನಗೆ ಯಾರಾದರೂ ಹೇಳಿದ ಒಂದೇ ನಿಜವಾದ ಮಾತು ಅದು. ನಾನು ಮೆಟ್ಟಿಲು ಹತ್ತಿ ಒಳಗೆ ಹೋದೆ.

ಹನ್ನೊಂದನೇ ದಿನದ ಊಟಕ್ಕೆ ಮಹಡಿಯ ಮೇಲೆ ಪೆಂಡಾಲು ಹಾಕಿಸಿದ್ದೆವು. ಹೆಂಗಸರ ಪಂಕ್ತಿಯಲ್ಲಿ ಸಣ್ಣಮ್ಮ ನನ್ನ ಪಕ್ಕ ಕೂತಿದ್ದಳು. ಗೊತ್ತಿಲ್ಲದ ಯಾರಿಗೋ ಹೇಳುತ್ತಿದ್ದಳು. "ಪುಣ್ಯವಂತಿ ನೋಡ್ರಿ. ಅಕಿಗೆ ತಿಳದಿತ್ತು. ಮೈಯಾಗ ತ್ರಾಣ ಇಲ್ಲದಿದ್ರೂ ಮಲಗೋ ಗಾಡಿ ಮಾಡ್ಕೊಂಡು ಬಂದು ಎಲ್ಲಾರ ಮನಿ ತುಳುದು, ಎಲ್ಲಾರ ಮಕ ನೋಡಿ, ಉಡಿ ತುಂಬಿಸ್ಕೊಂಡು ಹೋದ್ಲು. ಯಾರಿಗೆ ಬರತೈತ್ರಿ ಅಂಥಾ ಬುದ್ಧಿ?" ಸಾಲಿನ ಉದ್ದಕ್ಕೂ ಹೆಂಗಸರು ತಲೆಯಾಡಿಸಿದರು. ಇನ್ನು ಈ ಬಳಗದಲ್ಲಿ ಅಕ್ಕ ಉಳಿಯುವುದು ಹೀಗೆಯೇ ಎಂದು ನನಗೆ ಗೊತ್ತಾಯಿತು. ಸಣ್ಣಮ್ಮ ಕಣ್ಣೊರೆಸಿಕೊಂಡು ನನ್ನ ಕಡೆ ತಿರುಗಿದಳು. "ಹೌದಲ್ಲೇನವ್ವಾ? ನಮ್ಮನ್ನೆಲ್ಲ ನೋಡಬೇಕಂತ ಅಕೀಗೆ ಆಸಿ ಇತ್ತಲ್ಲ?"

ಎಲ್ಲರೂ ನನ್ನ ಮುಖ ನೋಡುತ್ತಿದ್ದರು. "ಹೌದು ಸಣ್ಣಮ್ಮ" ಅಂದೆ. "ಭಾಳ ಆಸಿ ಇತ್ತು."

ಸಣ್ಣಮ್ಮ ಬಡಿಸುವವರನ್ನು ಕರೆದು ನನ್ನ ಎಲೆಗೆ ಇನ್ನೊಂದಿಷ್ಟು ಹುಗ್ಗಿ ಹಾಕಿಸಿದಳು. ನಾನು ತಲೆ ತಗ್ಗಿಸಿ ಉಂಡೆ.